ಜವಳಗಿರಿಯ ಕನ್ನಡ ಮಕ್ಕಳು ಮತ್ತು ಬ್ಯಾರಿಗಳಾದ ನಾವು

ಜವಳಗಿರಿ ಎಂಬ ಊರಿನ ಹೆಸರನ್ನು ಕರಾವಳಿಯಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಕೇಳಿದ್ದರೂ ಆನೆಯ ಸುದ್ದಿಯಲ್ಲಿ ಕೇಳಿರಬಹುದು. ರಾಗಿ ಬಲಿಯುವ ಹೊತ್ತಿಗೆ ಬನ್ನೇರುಘಟ್ಟ ಕಾಡಿನ ಆನೆಗಳು ಗಡಿ ದಾಟಿ ತಮಿಳುನಾಡಿನ ಜವಳಗಿರಿ ಅರಣ್ಯಕ್ಕೆ ಬರುತ್ತವೆ, ಅಲ್ಲಿಂದ ತಳಿ, ಡೆಂಕಣಿಕೋಟೆ ಕಡೆ ಹೋಗುತ್ತವೆ. ಆಗ ಎರಡು ದಿನ ಪತ್ರಿಕೆಯಲ್ಲಿ ಊರಿನ ಹೆಸರು ಬರ್ತದೆ. ಮತ್ತೆ ಮುಂದಿನ ವರ್ಷ ಆನೆ ಬರುವವರೆಗೆ ಇಲ್ಲ.

ಕೃಷ್ಣಗಿರಿ ಜಿಲ್ಲೆಯ ಈ ಮೂಲೆಯಲ್ಲಿ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಸರಕಾರಿ ಕಚೇರಿಯಲ್ಲಿ ತಮಿಳು ಮಾತಾಡುವ ಜನ ಇದ್ದಾರೆ. ಅವರ ಪಕ್ಕದಲ್ಲೇ ಮನೆಯಲ್ಲಿ ಉರ್ದು ಮಾತಾಡುವ ಮುಸ್ಲಿಮರಿದ್ದಾರೆ. ಈ ಮಕ್ಕಳು ಶಾಲೆಯಲ್ಲಿ ಯಾವ ಭಾಷೆ ಕಲಿಯಬೇಕು, ಹತ್ತನೇ ಕ್ಲಾಸಿನಲ್ಲಿ ಯಾವ ಪೇಪರ್ ಬರೆಯಬೇಕು ಎಂಬ ವಿಷಯ ಹತ್ತಿಪ್ಪತ್ತು ವರ್ಷದಿಂದ ಕೋರ್ಟು, ಸರಕಾರ, ಅರ್ಜಿ ಅಂತ ಸುತ್ತುತ್ತಲೇ ಇದೆ. ಮಂಗಳೂರಿನಲ್ಲಿ ಕೂತ ನಮಗೆ ಅದರಿಂದ ಏನಾಗಬೇಕು ಅಂತ ಕೇಳುವವರಿದ್ದಾರೆ. ಆಗಬೇಕಾದ್ದು ಬಹಳ ಉಂಟು. ಅದನ್ನು ಹೇಳಲಿಕ್ಕೇ ಈ ಬರಹ.

ನಾವು ದಿನ ಬೆಳಗಾದರೆ 'ಅಲ್ಪಸಂಖ್ಯಾತರ ಹಕ್ಕು' ಎಂಬ ಮಾತು ಆಡುತ್ತೇವೆ. ವಕ್ಫ್ ತಿದ್ದುಪಡಿ ಬಂದಾಗ ಆಡಿದೆವು, ಹಿಜಾಬ್ ವಿವಾದದಲ್ಲಿ ಆಡಿದೆವು, ಮದ್ರಸಗಳ ಮೇಲೆ ಕಣ್ಣು ಬಿದ್ದಾಗ ಆಡಿದೆವು. ನಮ್ಮ ಶಾಲೆ-ಕಾಲೇಜುಗಳ ವಿಷಯ ಬಂದಾಗ ಸಂವಿಧಾನದ 30ನೇ ವಿಧಿ ನಮ್ಮ ಭಾಷಣಕಾರರಿಗೆ ಬಾಯಿಪಾಠ. ಆದರೆ ಆ ವಿಧಿಯನ್ನು ಪೂರ್ತಿ ಓದಿದವರು ಎಷ್ಟು ಮಂದಿ? ಅದರಲ್ಲಿ ಇರುವುದು 'ಧರ್ಮ ಅಥವಾ ಭಾಷೆಯ ಆಧಾರದ' ಅಲ್ಪಸಂಖ್ಯಾತರು ಅಂತ. ನಾವು ಮೊದಲ ಶಬ್ದದವರೆಗೆ ಓದಿ ಪುಸ್ತಕ ಮುಚ್ಚುತ್ತೇವೆ. ಜವಳಗಿರಿಯ ಮಗು ಇರುವುದು ಎರಡನೇ ಶಬ್ದದಲ್ಲಿ. ಎರಡಕ್ಕೂ ಆಧಾರ ಒಂದೇ ಸಾಲು. ಒಂದು ರಾಜ್ಯದಲ್ಲಿ ಆ ಸಾಲನ್ನು ಸಡಿಲ ಮಾಡಿದರೆ ಇನ್ನೊಂದು ರಾಜ್ಯದಲ್ಲಿ ಅದು ಬಿಗಿಯಾಗಿಯೇ ಉಳಿಯುತ್ತದೆ ಅಂತ ನಂಬುವುದು ಹೇಗೆ?

ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಹೊಸೂರು ಎಂಬ ಹೆಸರೇ ಕನ್ನಡದ್ದು, ಹೊಸ ಊರು. ತಮಿಳಿನಲ್ಲಿ ಹಕಾರ ಇಲ್ಲದ ಕಾರಣ ಬೋರ್ಡಿನಲ್ಲಿ 'ಓಸೂರ್' ಅಂತ ಬರೆಯುತ್ತಾರೆ. ಆ ಕಡೆಯ ಪ್ರದೇಶ ಮೈಸೂರಿನ ಹೈದರ್, ಟಿಪ್ಪುವಿನ ಆಳ್ವಿಕೆಯಲ್ಲಿ ಇತ್ತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಕೃಷ್ಣಗಿರಿ ಸುತ್ತಿನ ಬಾರಾಮಹಲ್ ಕಂಪೆನಿ ಸರಕಾರಕ್ಕೆ ಹೋಯಿತು. 1799ರಲ್ಲಿ ಟಿಪ್ಪು ಹುತಾತ್ಮನಾದ ಮೇಲೆ ಹೊಸೂರು ಭಾಗವೂ ಹೋಯಿತು. ಅದೇ 1799ರಲ್ಲಿ ನಮ್ಮ ಕೆನರಾ ಕೂಡ ಹೋಯಿತು. ಬಾರಾಮಹಲ್‌ನಲ್ಲಿ ಏಳು ವರ್ಷ ಕಂದಾಯದ ಕೆಲಸ ಮಾಡಿದ ಥಾಮಸ್ ಮನ್ರೋನನ್ನೇ ಕೆನರಾದ ಮೊದಲ ಕಲೆಕ್ಟರ್ ಮಾಡಿ ಇಲ್ಲಿಗೆ ಕಳುಹಿಸಿದರು. ನಮ್ಮ ಜಮೀನಿನ ಹಳೇ ಲೆಕ್ಕಗಳಲ್ಲಿ ಬರುವ ಮನ್ರೋ ಅವನೇ.

ಅಂದರೆ ಮಂಗಳೂರು, ಕಾಸರಗೋಡು, ಹೊಸೂರು ಈ ಮೂರೂ ಒಂದೂವರೆ ಶತಮಾನ ಒಂದೇ ಮದ್ರಾಸಿನ ಕೆಳಗೆ ಇದ್ದವು. 1956ರ ನವೆಂಬರ್ 1ರಂದು ಬಿಡಿಸಿಕೊಂಡವು. ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಯಾವ ಮನೆಯವರನ್ನೂ ಕೇಳಿ ಗೆರೆ ಎಳೆದದ್ದಲ್ಲ. ಗೆರೆ ಸ್ವಲ್ಪ ಆಚೀಚೆ ಆಗಿದ್ದರೆ ಉಳ್ಳಾಲದ ಬ್ಯಾರಿಯೂ ಇವತ್ತು ಜವಳಗಿರಿಯ ರೈತನ ಹಾಗೆ ಬೇರೆ ರಾಜ್ಯದ ಭಾಷಾ ಅಲ್ಪಸಂಖ್ಯಾತ ಆಗಿರುತ್ತಿದ್ದ. ಮಂಜೇಶ್ವರ, ಉಪ್ಪಳದ ನಮ್ಮ ಸಂಬಂಧಿಕರು ಹಾಗೆಯೇ ಆಗಿದ್ದಾರಲ್ಲ.

ಕಾಸರಗೋಡಿನ ಬಗ್ಗೆಯಾದರೂ ಗದ್ದಲ ಆಯಿತು. ಕಯ್ಯಾರ ಕಿಞ್ಞಣ್ಣ ರೈಯಂಥವರು ಜೀವಮಾನ ಇಡೀ ಹೋರಾಡಿದರು. 1966ರಲ್ಲಿ ಮಹಾಜನ ಆಯೋಗ ಕೂತಿತು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಮರುವರ್ಷ ಹೇಳಿತು. ವರದಿ ಕಪಾಟಿನಲ್ಲಿ ಉಳಿಯಿತು, ಅದು ಬೇರೆ ವಿಷಯ. ಆ ಆಯೋಗ ನೋಡಿದ್ದು ಮಹಾರಾಷ್ಟ್ರ, ಮೈಸೂರು, ಕೇರಳದ ಗಡಿ ಮಾತ್ರ. ಹೊಸೂರಿನ ಕನ್ನಡಿಗ ಅದರ ಪಟ್ಟಿಯಲ್ಲೇ ಇರಲಿಲ್ಲ. ಇವತ್ತು ಅವರು ಗಡಿ ಬದಲಿಸಿ ಅಂತ ಕೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ. ಪ್ರಶ್ನೆ ಇರುವುದು ಶಾಲೆಯದ್ದು.

ಈಗ ಕಾನೂನಿಗೆ ಬರೋಣ. ಇದನ್ನು ನಿಧಾನವಾಗಿ ಓದಬೇಕು, ಯಾಕೆಂದರೆ ತೊಂದರೆ ಇರುವುದು ಘೋಷಣೆಯಲ್ಲಿ ಅಲ್ಲ, ಅಂಕಪಟ್ಟಿಯಲ್ಲಿ.

2006ರಲ್ಲಿ ತಮಿಳುನಾಡು ಸರಕಾರ ತಮಿಳು ಕಲಿಕಾ ಕಾಯ್ದೆ ತಂದಿತು. ಒಂದರಿಂದ ಹತ್ತನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯ ಅಂತ. 2006-07ರಲ್ಲಿ ಒಂದನೇ ಕ್ಲಾಸಿನಿಂದ ಶುರು ಮಾಡಿ ವರ್ಷಕ್ಕೊಂದು ಕ್ಲಾಸ್ ಮೇಲಕ್ಕೆ ಹೋಯಿತು. ಹಾಗೆ ಮೊದಲ ಬ್ಯಾಚು 2015-16ರಲ್ಲಿ ಹತ್ತನೇ ತರಗತಿಗೆ ಬಂತು. ಕಾಯ್ದೆಯಲ್ಲಿ ವಿಷಯಗಳನ್ನು ಭಾಗ ಮಾಡಿದ್ದಾರೆ. ಮೊದಲ ಭಾಗ ತಮಿಳು, ಎರಡನೆಯದು ಇಂಗ್ಲಿಷ್, ಮೂರನೆಯದು ಗಣಿತ, ವಿಜ್ಞಾನ, ಸಮಾಜ ಇತ್ಯಾದಿ. ನಾಲ್ಕನೆಯ ಭಾಗದಲ್ಲಿ, ತಮಿಳಾಗಲಿ ಇಂಗ್ಲಿಷಾಗಲಿ ಮಾತೃಭಾಷೆ ಅಲ್ಲದ ಮಕ್ಕಳು ತಮ್ಮ ಭಾಷೆಯನ್ನು ಐಚ್ಛಿಕವಾಗಿ ಕಲಿಯಬಹುದು.

ಓದುವಾಗ ಚೆನ್ನಾಗಿಯೇ ಕಾಣುತ್ತದೆ. ತಮಿಳೂ ಉಂಟು, ಕನ್ನಡವೂ ಉಂಟು. ಆದರೆ ಹತ್ತನೇ ತರಗತಿಯ ಒಟ್ಟು 500 ಅಂಕದ ಲೆಕ್ಕ ಇರುವುದು ಐದು ಪೇಪರಿಗೆ. ನಾಲ್ಕನೇ ಭಾಗದ ಕನ್ನಡ ಆ 500ರ ಹೊರಗೆ ಇತ್ತು. ನಮ್ಮಲ್ಲಿ ಮಕ್ಕಳು ಆಟ ಆಡುವಾಗ ತೀರಾ ಚಿಕ್ಕವನನ್ನು ಸೇರಿಸಿಕೊಂಡು 'ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಹೇಳ್ತಾರಲ್ಲ, ಅಷ್ಟೇ. ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿ ಒಬ್ಬಳು ಜವಳಗಿರಿಯಲ್ಲಿ ಇದ್ದಾಳೆ ಅಂತ ಇಟ್ಟುಕೊಳ್ಳಿ. ಅವಳಿಗೆ ಅತ್ಯಂತ ಚೆನ್ನಾಗಿ ಬರುವ ಭಾಷೆಯ ಪೇಪರಿನಲ್ಲಿ 95 ತೆಗೆದರೂ ಒಟ್ಟು ಅಂಕಕ್ಕೆ ಅದು ಸೇರುವುದಿಲ್ಲ. ಅವಳಿಗೆ ಕಷ್ಟದ ಭಾಷೆಯ ಪೇಪರಿನಲ್ಲಿ ಫೇಲಾದರೆ ಇಡೀ ಪರೀಕ್ಷೆ ಫೇಲು. ಹೀಗಿರುವಾಗ ಯಾವ ಮಗು ಆರನೇ ಪುಸ್ತಕ ಓದಲಿಕ್ಕೆ ಸಮಯ ಕೊಡುತ್ತದೆ? ಯಾವ ಅಪ್ಪ ಕೊಡಲಿಕ್ಕೆ ಬಿಡುತ್ತಾನೆ?

ಇನ್ನೊಂದು ಕಡೆ, ತಮಿಳನ್ನು ಕಡ್ಡಾಯ ಮಾಡಿದ ಸರಕಾರ ಭಾಷಾ ಅಲ್ಪಸಂಖ್ಯಾತ ಶಾಲೆಗಳಿಗೆ ಸಾಕಷ್ಟು ತಮಿಳು ಅಧ್ಯಾಪಕರನ್ನು ಕೊಡಲಿಲ್ಲ ಎಂಬುದು ಕೋರ್ಟಿಗೆ ಹೋದವರ ದೂರು. ಕಲಿಸುವವರೇ ಇಲ್ಲದೆ ಪರೀಕ್ಷೆ ಮಾತ್ರ ಬಂದರೆ ಮಕ್ಕಳು ಏನು ಬರೆಯಬೇಕು? ಮೊದಲ ಬ್ಯಾಚಿನ ಪರೀಕ್ಷೆ ಹತ್ತಿರ ಬಂದಾಗ ಮದ್ರಾಸ್ ಹೈಕೋರ್ಟು ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಮಿಳು ಪೇಪರಿನಿಂದ ವಿನಾಯಿತಿ ಕೊಟ್ಟಿತು. ತಮಿಳಿನ ಬದಲು ತಮ್ಮ ಭಾಷೆಯ ಪೇಪರು ಬರೆಯಬಹುದು ಅಂತ. ಆಮೇಲೆ ವಿನಾಯಿತಿ ಮುಂದುವರಿಯುತ್ತಾ ಹೋಯಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಯಾವ ಪೇಪರು ಬರೆಯಬೇಕು ಅಂತ ಸುಪ್ರೀಂ ಕೋರ್ಟಿನ ಕಡೆ ನೋಡುತ್ತಾ ಕೂರುವ ಹದಿನೈದು ವರ್ಷದ ಮಗುವಿನ ಸ್ಥಿತಿ ಊಹಿಸಿ. ಕೊನೆಗೆ 2024ರಲ್ಲಿ ಸರಕಾರ ಐಚ್ಛಿಕ ಭಾಷೆಯ ಪೇಪರಿಗೂ 35 ಅಂಕದ ಪಾಸ್ ಮಿತಿ ಇಡುವ ತೀರ್ಮಾನ ಮಾಡಿತು. ಆ ಪೇಪರಿಗೆ ಸ್ವಲ್ಪ ಬೆಲೆ ಬಂತು, ನಿಜ. ಅದರ ಜೊತೆಗೆ ಉಳಿದ ಮಕ್ಕಳಿಗೆ ಐದು ಪೇಪರು, ಈ ಮಕ್ಕಳಿಗೆ ಆರು ಎಂಬ ಸ್ಥಿತಿಯೂ ಗಟ್ಟಿಯಾಯಿತು.

ಇಲ್ಲಿ ಒಂದು ವಿಷಯ ನಮ್ಮ ಯುವಕರು ಗಮನಿಸಬೇಕು. ಕೋರ್ಟಿಗೆ ಹೋದ ಭಾಷಾ ಅಲ್ಪಸಂಖ್ಯಾತರ ವೇದಿಕೆಯ ಅರ್ಜಿಯ ಹಿಂದೆ ಇದ್ದದ್ದು ಕನ್ನಡದವರು ಮಾತ್ರ ಅಲ್ಲ. ತೆಲುಗಿನವರು, ಉರ್ದುವಿನವರು, ಮಲಯಾಳದವರು ಎಲ್ಲರ ಸಮಸ್ಯೆಯೂ ಅದೇ. ಅಂದರೆ ಹೊಸೂರು, ಡೆಂಕಣಿಕೋಟೆಯಲ್ಲಿ ಉರ್ದು ಶಾಲೆಗೆ ಮಗಳನ್ನು ಕಳುಹಿಸುವ ಮುಸ್ಲಿಂ ತಾಯಿ ಮತ್ತು ಕನ್ನಡ ಶಾಲೆಗೆ ಮಗನನ್ನು ಕಳುಹಿಸುವ ಒಕ್ಕಲಿಗ ತಾಯಿ ಒಂದೇ ಕಡೆ ನಿಂತಿದ್ದಾರೆ. ಅಲ್ಲಿ ಕನ್ನಡ ಮತ್ತು ಉರ್ದು ಒಂದೇ ದೋಣಿಯಲ್ಲಿ ಇವೆ.

ಗಡಿ ದಾಟಿ ಅತ್ತಿಬೆಲೆಗೆ ಬನ್ನಿ, ಇದೇ ಎರಡು ಭಾಷೆಗಳನ್ನು ಜಗಳಕ್ಕೆ ಬಿಟ್ಟಿದ್ದಾರೆ. 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದ್ದಕ್ಕೆ ಬೆಂಗಳೂರಿನಲ್ಲಿ ಗಲಭೆ ಆಗಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಹತ್ತು ನಿಮಿಷದ ವಾರ್ತೆಗೆ! ಈಗಿನ ಹುಡುಗರಿಗೆ ಇದು ಗೊತ್ತಿಲ್ಲ, ದೊಡ್ಡವರು ಹೇಳಿಕೊಡಬೇಕು. ಅವತ್ತು ಗಲಾಟೆ ಮಾಡಿಸಿದವರಿಗೆ ಹೊಸೂರಿನ ಕನ್ನಡ ಶಾಲೆಯ ಬಗ್ಗೆ ಕಾಳಜಿ ಇತ್ತು ಅಂತ ನಾನಂತೂ ನಂಬುವುದಿಲ್ಲ. ಕಾಳಜಿ ಇದ್ದವನಿಗೆ ಗೊತ್ತಿರುತ್ತಿತ್ತು, ಇಲ್ಲಿ ಉರ್ದುವಿಗೆ ಇಲ್ಲ ಅಂತ ಹೇಳಿದ ಕಾರಣವನ್ನೇ ಅಲ್ಲಿ ಕನ್ನಡಕ್ಕೆ ಇಲ್ಲ ಅನ್ನಲಿಕ್ಕೆ ಬಳಸಬಹುದು ಎಂದು.

2025ರ ಆರಂಭದಲ್ಲಿ ನಡೆದ ದೊಡ್ಡ ಜಗಳವನ್ನೂ ಇದರ ಜೊತೆ ಇಟ್ಟು ನೋಡಿ. ರಾಷ್ಟ್ರೀಯ ಶಿಕ್ಷಣ ನೀತಿಯ ಮೂರು ಭಾಷೆಯ ಸೂತ್ರ ಒಪ್ಪದ ತಮಿಳುನಾಡಿಗೆ ಸಮಗ್ರ ಶಿಕ್ಷಾ ಯೋಜನೆಯ 2,152 ಕೋಟಿ ರೂಪಾಯಿ ಕೇಂದ್ರ ಕೊಡಲಿಲ್ಲ ಅಂತ ಸ್ಟಾಲಿನ್ ಸರಕಾರ ಹೇಳಿತು. ಶಿಕ್ಷಣ ಸಚಿವ ಧರ್ಮೇಂದ್ರ ಪ್ರಧಾನ್ ಮತ್ತು ಚೆನ್ನೈ ನಡುವೆ ವಾರಗಟ್ಟಲೆ ಮಾತಿನ ಯುದ್ಧ. ತಮಿಳುನಾಡಿನಲ್ಲಿ ಎರಡು ಭಾಷೆಯ ನೀತಿ 1968ರಿಂದ ಇದೆ, ಅಣ್ಣಾದೊರೈ ಕಾಲದ್ದು. ಅದಕ್ಕಿಂತ ಹಿಂದೆ 1937ರಲ್ಲಿ ಶಾಲೆಯಲ್ಲಿ ಹಿಂದಿ ಕಡ್ಡಾಯ ಮಾಡಲು ಹೋಗಿ ಮೊದಲ ಹಿಂದಿ ವಿರೋಧಿ ಚಳವಳಿಗೆ ಕಾರಣರಾದ ರಾಜಾಜಿ ಹುಟ್ಟಿದ್ದು ಹೊಸೂರು ಪಕ್ಕದ ತೊರಪ್ಪಳ್ಳಿಯಲ್ಲಿ, ಕಾಲೇಜು ಓದಿದ್ದು ಬೆಂಗಳೂರಿನಲ್ಲಿ. ಮೂರು ನಾಲ್ಕು ಭಾಷೆ ಕಿವಿಗೆ ಬೀಳುವ ಊರಿನ ಮನುಷ್ಯನಿಗೆ ಇನ್ನೊಂದು ಭಾಷೆ ಸೇರಿಸುವುದು ದೊಡ್ಡ ವಿಷಯ ಅಂತ ಕಂಡಿರಲಿಕ್ಕಿಲ್ಲವೋ ಏನೋ.

ಈ ಜಗಳದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ. ದುಡ್ಡು ತಡೆದು ಒಂದು ರಾಜ್ಯದ ಮೇಲೆ ಭಾಷಾ ನೀತಿ ಹೇರುವುದು ತಪ್ಪು. ತಮಿಳುನಾಡು ಎದ್ದು ನಿಂತದ್ದು ಸರಿ. ಮೂರನೇ ಭಾಷೆ ಯಾವುದಾದರೂ ಆಗಬಹುದು ಅಂತ ಕೇಂದ್ರ ಎಷ್ಟೇ ಹೇಳಿದರೂ ಉತ್ತರ ಭಾರತದ ಯಾವ ಸರಕಾರಿ ಶಾಲೆಯಲ್ಲೂ ಕನ್ನಡವನ್ನೋ ತಮಿಳನ್ನೋ ಗಂಭೀರವಾಗಿ ಕಲಿಸುವ ವ್ಯವಸ್ಥೆ ನಾವು ಕಂಡಿಲ್ಲ. ಆದರೆ ದಿಲ್ಲಿಗೆ ತಮಿಳುನಾಡು ಹೇಳುವ ಮಾತನ್ನೇ ಜವಳಗಿರಿಯ ಮಗು ಚೆನ್ನೈಗೆ ಹೇಳಿದರೆ ಏನು ಉತ್ತರ? 'ನನ್ನ ಭಾಷೆಯನ್ನು ಕೆಳಗೆ ತಳ್ಳಬೇಡಿ' ಎಂಬುದು ಚೆನ್ನೈಯಿಂದ ದಿಲ್ಲಿಗೆ ಹೋಗುವಾಗ ಸ್ವಾಭಿಮಾನ, ಜವಳಗಿರಿಯಿಂದ ಚೆನ್ನೈಗೆ ಹೋಗುವಾಗ ತಲೆಹರಟೆ ಆಗಬಾರದು. ಅಳೆಯುವ ಸೇರು ಒಂದೇ ಇರಬೇಕು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ, ಎರಡು ಭಾಷೆಯೋ ಮೂರು ಭಾಷೆಯೋ ಎಂಬ ಜಗಳದಲ್ಲಿ ಆಗಲೇ ಮೂರು ಭಾಷೆ ಕಲಿಯುತ್ತಿರುವ ಗಡಿಯ ಮಗುವಿನ ಹೆಸರನ್ನು ಯಾರೂ ಎತ್ತಲಿಲ್ಲ.

ತಮಿಳುನಾಡಿನ ಪರವಾಗಿಯೂ ಹೇಳಬೇಕಾದ್ದು ಉಂಟು. ಅಲ್ಲಿನ ಸರಕಾರ ಕನ್ನಡ, ತೆಲುಗು, ಮಲಯಾಳ, ಉರ್ದುವಿನಲ್ಲಿ ಪಠ್ಯಪುಸ್ತಕ ಮುದ್ರಿಸಿ ಮಕ್ಕಳಿಗೆ ಕೊಡುತ್ತದೆ. 2024ರಲ್ಲಿ ಕೃಷ್ಣಗಿರಿಯಿಂದ ಲೋಕಸಭೆಗೆ ಗೆದ್ದ ಕಾಂಗ್ರೆಸ್‌ನ ಕೆ. ಗೋಪಿನಾಥ್ ಸಂಸತ್ತಿನಲ್ಲಿ ತೆಲುಗಿನಲ್ಲಿ ಪ್ರಮಾಣವಚನ ತೆಗೆದುಕೊಂಡರು. ಅಲ್ಲಿಯ ಜನ ಆತನನ್ನು ಊರಿಂದ ಓಡಿಸಲಿಲ್ಲ. ಮತ್ತೆ ಆ ರಾಜ್ಯದಲ್ಲಿ ಸರಕಾರಿ ಕೆಲಸ ಬೇಕಾದರೆ ಲೋಕಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಪೇಪರು ಪಾಸ್ ಆಗಲೇಬೇಕು. ಹಾಗಾಗಿ ಜವಳಗಿರಿಯ ಮಗು ತಮಿಳು ಚೆನ್ನಾಗಿ ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ತಮಿಳು ಕಲಿಯುವುದಿಲ್ಲ ಅಂತ ಹಠ ಹಿಡಿಯುವವರು ಮಕ್ಕಳಿಗೇ ಅನ್ಯಾಯ ಮಾಡುತ್ತಾರೆ. ತಮಿಳು ಕಲಿ, ಅದರ ಜೊತೆ ನಿನ್ನ ಕನ್ನಡಕ್ಕೂ ಅಂಕಪಟ್ಟಿಯಲ್ಲಿ ಸಮಾನ ಜಾಗ ಕೊಡ್ತೇವೆ, ಎರಡಕ್ಕೂ ಅಧ್ಯಾಪಕರನ್ನು ಕೊಡ್ತೇವೆ ಅಂತ ಸರಕಾರ ಹೇಳಬೇಕಾಗಿತ್ತು.

ಈಗ ನಮ್ಮ ಮನೆಯ ಲೆಕ್ಕ. ಕರ್ನಾಟಕ 2015ರಲ್ಲಿ ಕನ್ನಡ ಭಾಷಾ ಕಲಿಕಾ ಕಾಯ್ದೆ ಮಾಡಿತು. ಹೆಸರು ಕೂಡ ತಮಿಳುನಾಡಿನದ್ದರ ಹಾಗೆಯೇ ಇದೆ. ಒಂದರಿಂದ ಹತ್ತರವರೆಗೆ ಎಲ್ಲ ಶಾಲೆಗಳಲ್ಲೂ ಕನ್ನಡ ಕಡ್ಡಾಯ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಕನ್ನಡ ಪ್ರಥಮ ಭಾಷೆ ಅಥವಾ ದ್ವಿತೀಯ ಭಾಷೆ ಆಗಿದ್ದರೆ ಸಾಕು. ಕೆಜಿಎಫ್‌ನ ತಮಿಳು ಮಗು ತಮಿಳನ್ನು, ಕಲಬುರಗಿಯ ಮಗು ಉರ್ದುವನ್ನು, ಬೆಳಗಾವಿಯ ಮಗು ಮರಾಠಿಯನ್ನು ಪ್ರಥಮ ಭಾಷೆಯಾಗಿ ತಗೊಂಡು 125 ಅಂಕದ ಪೇಪರು ಬರೆಯಬಹುದು, ಆ ಅಂಕ ಒಟ್ಟು ಅಂಕಕ್ಕೆ ಸೇರುತ್ತದೆ. ಕಾಗದದ ಮೇಲೆ ಕರ್ನಾಟಕದ ವ್ಯವಸ್ಥೆ ಹೆಚ್ಚು ನ್ಯಾಯದ್ದು. ಇದನ್ನು ಹೊಗಳಬೇಕು, ಹೊಗಳಿ ಕಾಪಾಡಿಕೊಳ್ಳಬೇಕು. ಯಾಕೆಂದರೆ ಉರ್ದು ಶಾಲೆ ಯಾಕೆ, ಎಲ್ಲರಿಗೂ ಕನ್ನಡವೇ ಪ್ರಥಮ ಭಾಷೆ ಆಗಲಿ ಅಂತ ಹೇಳುವವರು ನಮ್ಮಲ್ಲಿ ಕಮ್ಮಿ ಇಲ್ಲ. ಅಂಥವರಿಗೆ ಜವಳಗಿರಿಯನ್ನು ತೋರಿಸಬೇಕು. ನೀವು ಕೇಳುವುದನ್ನೇ ತಮಿಳುನಾಡು 2006ರಲ್ಲಿ ಮಾಡಿದೆ, ಅಲ್ಲಿ ಪೆಟ್ಟು ತಿಂದದ್ದು ಕನ್ನಡ ಅಂತ ಹೇಳಬೇಕು.

ಕೇರಳದ ಕತೆ ನಮ್ಮವರಿಗೆ ಗೊತ್ತಿರುವುದೇ. 2017ರಲ್ಲಿ ಮಲಯಾಳ ಕಡ್ಡಾಯ ಮಾಡಿದಾಗ ಕಾಸರಗೋಡಿನಲ್ಲಿ ಪ್ರತಿಭಟನೆ ಆಯಿತು. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಮಾಧ್ಯಮಕ್ಕೆ ಹಾಕಿದ್ದರ ವಿರುದ್ಧ ಹೆತ್ತವರು ಶಾಲೆ ಗೇಟಿನಲ್ಲಿ ಕೂತರು. 2025ರ ಮಲಯಾಳ ಭಾಷಾ ಮಸೂದೆ ಬಂದಾಗ ಸಿದ್ದರಾಮಯ್ಯನವರು ಪಿಣರಾಯಿ ವಿಜಯನ್‌ಗೆ ಪತ್ರ ಬರೆದರು, ಕನ್ನಡ ಮತ್ತು ತಮಿಳು ಭಾಷಿಕರಿಗೆ ರಕ್ಷಣೆ ಇಟ್ಟಿದ್ದೇವೆ ಅಂತ ಕೇರಳ ಹೇಳಿತು. ಪತ್ರ ಬರೆದದ್ದು ಒಳ್ಳೆಯದೇ. ಹೊಸೂರಿನ ಬಗ್ಗೆ ಬೆಂಗಳೂರಿನಲ್ಲಿ ಇದರ ಕಾಲು ಭಾಗ ಸದ್ದೂ ಆಗುವುದಿಲ್ಲ. ಬೆಂಗಳೂರಿನಿಂದ ಹೊಸೂರಿಗೆ 40 ಕಿಲೋಮೀಟರು. ಟೈಟನ್, ಟಿವಿಎಸ್, ಅಶೋಕ್ ಲೇಲ್ಯಾಂಡ್ ಕಾರ್ಖಾನೆಗಳಿಗೆ ದಿನಾ ಹೋಗಿ ಬರುವವರಿದ್ದಾರೆ, ಆ ರಸ್ತೆಯಲ್ಲಿ ನಮ್ಮವರ ಹೋಟೆಲು, ಬೇಕರಿಗಳೂ ಇವೆ. ಗಡಿಯ ನೆನಪು ಬರುವುದು ಕಾವೇರಿ ಗಲಾಟೆಯಾದಾಗ ಮಾತ್ರ. 2016ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸುಗಳನ್ನು ಸುಟ್ಟಾಗ ಅತ್ತಿಬೆಲೆ ಮತ್ತು ಜೂಜುವಾಡಿ ನಡುವೆ ಜನ ಲಗೇಜು ಹೊತ್ತು ನಡೆದರು. ಆಗ ಎರಡೂ ಕಡೆಯವರ ಅನುಮಾನಕ್ಕೆ ಸಿಕ್ಕಿ ಹಾಕಿಕೊಳ್ಳುವವನು ಗಡಿಯ ಕನ್ನಡಿಗನೇ. ಈಚೆಗೆ ಬಂದರೆ ತಮಿಳುನಾಡಿನವನು, ಅಲ್ಲೇ ಇದ್ದರೆ ಕನ್ನಡದವನು. ಈ ಅನುಭವ ಮುಸ್ಲಿಮನಿಗೆ ಹೊಸತಾಗಿ ವಿವರಿಸಬೇಕಾಗಿಲ್ಲ.

ಇನ್ನು ಬ್ಯಾರಿಗಳ ವಿಷಯ. ನಮ್ಮ ಮನೆಮಾತು ಬ್ಯಾರಿ, ಶಾಲೆಯ ಮಾತು ಕನ್ನಡ. ಹೊರಗಿನವರು ಮುಸ್ಲಿಂ ಅಂದ ಕೂಡಲೇ ಉರ್ದು ಅಂತ ತಿಳಿದುಕೊಳ್ಳುತ್ತಾರೆ, ಘಟ್ಟದ ಮೇಲೆ ಬಾಡಿಗೆ ಮನೆ ಹುಡುಕಿದ ಪ್ರತಿ ಬ್ಯಾರಿ ಹುಡುಗನಿಗೂ ಇದು ಗೊತ್ತು. ನಾವು ಬರೆದದ್ದು, ಓದಿದ್ದು, ಪತ್ರಿಕೆ ಮಾಡಿದ್ದು ಕನ್ನಡದಲ್ಲಿ. ಸಾರಾ ಅಬೂಬಕ್ಕರ್ 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿದವರು. ಆ ಹೊತ್ತಿಗೆ ಆ ಊರಿನಲ್ಲಿ ಕನ್ನಡ ಶಾಲೆ ಇಲ್ಲದೆ ಹೋಗಿದ್ದರೆ ಅಥವಾ ಕನ್ನಡ ಲೆಕ್ಕಕ್ಕಿಲ್ಲದ ಪೇಪರು ಆಗಿದ್ದರೆ 'ಚಂದ್ರಗಿರಿಯ ತೀರದಲ್ಲಿ' ಕನ್ನಡಕ್ಕೆ ಸಿಗುತ್ತಿತ್ತೇ? ಮುಸ್ಲಿಂ ಹೆಣ್ಣುಮಗಳ ನೋವು ಕನ್ನಡದ ಓದುಗರಿಗೆ ತಲುಪಿದ್ದು ಗಡಿಯ ಒಂದು ಶಾಲೆಯ ಮೂಲಕ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ಬಾನು ಮುಷ್ತಾಕ್ ಮನೆಯಲ್ಲಿ ಉರ್ದು, ಬರೆಯುವುದು ಕನ್ನಡ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ವಿರೋಧ ಮಾಡಿದವರು ಕನ್ನಡದ ಹೆಸರು ಹೇಳಿಕೊಂಡೇ ಮಾಡಿದರು. ಕನ್ನಡವನ್ನು ಲೋಕಕ್ಕೆ ತೋರಿಸಿದವರಿಗೇ ಕನ್ನಡದ ಪಾಠ!

ನಮ್ಮ ಬ್ಯಾರಿ ಭಾಷೆಗೆ 2007ರಲ್ಲಿ ಸಾಹಿತ್ಯ ಅಕಾಡೆಮಿ ಸಿಕ್ಕಿತು, 2011ರ 'ಬ್ಯಾರಿ' ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿ ಬಂತು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ತುಳುವಿನ ಹಾಗೆ ನಾವೂ ಇಲ್ಲ. 'ಲಿಪಿ ಇಲ್ಲದ ಭಾಷೆಗೆ ಎಂಥ ಹಕ್ಕು' ಅಂತ ನಮ್ಮವರೇ ಹೇಳುವುದು ಕೇಳಿದ್ದೇನೆ. 29ನೇ ವಿಧಿ ಓದಿ. ತನ್ನದೇ ಆದ 'ಭಾಷೆ, ಲಿಪಿ ಅಥವಾ ಸಂಸ್ಕೃತಿ' ಇರುವ ಯಾವುದೇ ವರ್ಗಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕು ಉಂಟು. ಲಿಪಿಯೂ ಇರಲೇಬೇಕು ಅಂತ ಇಲ್ಲ, 'ಅಥವಾ' ಅಂತ ಇದೆ. ಅಲ್ಪಸಂಖ್ಯಾತ ಯಾರು ಅಂತ ತೀರ್ಮಾನ ಮಾಡುವುದು ರಾಜ್ಯವನ್ನು ಲೆಕ್ಕಕ್ಕೆ ಹಿಡಿದು ಅಂತ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ ಹೇಳಿತು. ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣ, ನಮ್ಮ ಮಣಿಪಾಲದಿಂದ ಹೋದದ್ದು. ಅದರ ಪ್ರಕಾರ ಕರ್ನಾಟಕದಲ್ಲಿ ಬಹುಸಂಖ್ಯಾತನಾದ ಕನ್ನಡಿಗ ತಮಿಳುನಾಡಿನಲ್ಲಿ ಅಲ್ಪಸಂಖ್ಯಾತ. 2014ರಲ್ಲಿ ಇನ್ನೊಂದು ಸಂವಿಧಾನ ಪೀಠ, ಇದೂ ಕರ್ನಾಟಕದ್ದೇ ಪ್ರಕರಣ, ಮಗುವಿನ ಮಾತೃಭಾಷೆ ಯಾವುದು ಅಂತ ತೀರ್ಮಾನಿಸುವುದು ಹೆತ್ತವರು, ಸರಕಾರ ಅಲ್ಲ ಎಂದಿತು.

ಇಷ್ಟೆಲ್ಲ ಹಕ್ಕು ಇದ್ದೂ ಕನ್ನಡ ಶಾಲೆ ಹೇಗೆ ಮುಚ್ಚುತ್ತದೆ? ಯಾರೂ ಬೀಗ ಹಾಕಲು ಬರುವುದಿಲ್ಲ. ಒಬ್ಬ ಮಾಸ್ತರು ನಿವೃತ್ತಿ ಆಗುತ್ತಾರೆ, ಆ ಜಾಗಕ್ಕೆ ಕನ್ನಡ ಬಲ್ಲವರು ಬರುವುದಿಲ್ಲ. ಎರಡು ಕ್ಲಾಸು ಒಟ್ಟಿಗೆ ಕೂರಿಸುತ್ತಾರೆ. ಇದನ್ನು ನೋಡಿದ ಹೆತ್ತವರು ಮುಂದಿನ ಜೂನ್‌ನಲ್ಲಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕುತ್ತಾರೆ. ಮಕ್ಕಳು ಕಮ್ಮಿ ಆದರು ಅಂತ ಹುದ್ದೆಯೇ ಹೋಗುತ್ತದೆ. ಆಮೇಲೆ ಅಧಿಕಾರಿ ಹೇಳುತ್ತಾರೆ, ಬೇಡಿಕೆಯೇ ಇಲ್ಲ ಅಂತ. ನಮ್ಮ ಕರಾವಳಿಯ ಎಷ್ಟೋ ಸರಕಾರಿ ಶಾಲೆಗಳೂ ಹೀಗೆಯೇ ಹೋದವು. ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ ಹೆತ್ತವರನ್ನು ಬೈದು ಪ್ರಯೋಜನ ಇಲ್ಲ, ಅವರು ಕಣ್ಣಿಗೆ ಕಂಡದ್ದನ್ನು ನೋಡಿ ತೀರ್ಮಾನ ಮಾಡಿದ್ದಾರೆ.

ಇದನ್ನು ತಡೆಯಲಿಕ್ಕೆ ನಿಯಮಗಳು ಉಂಟು, ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ ಅಷ್ಟೇ. 1956ರಲ್ಲಿ ಏಳನೇ ತಿದ್ದುಪಡಿ ಮೂಲಕ ಸಂವಿಧಾನಕ್ಕೆ ಸೇರಿದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಅನ್ನುತ್ತದೆ. 350ಬಿ ಪ್ರಕಾರ ಕೇಂದ್ರದಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಇದ್ದಾರೆ, ಅವರ ವರದಿ ಸಂಸತ್ತಿಗೆ ಹೋಗುತ್ತದೆ. ರಾಜ್ಯಗಳು ಒಪ್ಪಿದ ಸುರಕ್ಷತಾ ಕ್ರಮಗಳಲ್ಲಿ ಎರಡು ಲೆಕ್ಕ ಮುಖ್ಯ. ಒಂದು ಕ್ಲಾಸಿನಲ್ಲಿ 10 ಅಥವಾ ಇಡೀ ಶಾಲೆಯಲ್ಲಿ 40 ಮಕ್ಕಳು ಒಂದು ಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಕೊಡಬೇಕು. ಜಿಲ್ಲೆ, ತಾಲೂಕು ಅಥವಾ ಪುರಸಭೆಯಲ್ಲಿ ಒಂದು ಭಾಷೆಯವರು ಶೇ. 15ರಷ್ಟು ಇದ್ದರೆ ಮುಖ್ಯ ಕಾನೂನು, ನೋಟಿಸುಗಳನ್ನು ಆ ಭಾಷೆಯಲ್ಲೂ ಪ್ರಕಟಿಸಬೇಕು.

ಆ ಶೇ. 15 ಎಲ್ಲಿಂದ ಬರುತ್ತದೆ? ಜನಗಣತಿಯಿಂದ. ಸರಕಾರ ಪ್ರಕಟಿಸಿದ ವೇಳಾಪಟ್ಟಿ ಪ್ರಕಾರ ಮುಂದಿನ ಜನಗಣತಿಯ ಮುಖ್ಯ ಎಣಿಕೆ 2027ರ ಫೆಬ್ರವರಿಯಲ್ಲಿ. 2011ರ ಗಣತಿಯಲ್ಲಿ ಮಾತೃಭಾಷೆ ಅಂದರೆ ಬಾಲ್ಯದಲ್ಲಿ ತಾಯಿ ಮಗುವಿನ ಜೊತೆ ಮಾತಾಡಿದ ಭಾಷೆ ಅಂತ ಅರ್ಥ ಕೊಟ್ಟಿದ್ದರು. ಶಾಲೆಯಲ್ಲಿ ಕಲಿತದ್ದಲ್ಲ, ರಾಜ್ಯದ ಭಾಷೆಯೂ ಅಲ್ಲ. ಅದರ ಜೊತೆ ಗೊತ್ತಿರುವ ಬೇರೆ ಎರಡು ಭಾಷೆ ಬರೆಸಲು ಪ್ರತ್ಯೇಕ ಜಾಗ ಇತ್ತು. ಆ ಗಣತಿಯಲ್ಲಿ ಜನ ಬರೆಸಿದ ಹೆಸರುಗಳು 19,569. ಅದನ್ನು ಸೋಸಿ 1,369 ಮಾತೃಭಾಷೆ ಅಂತ ಗುರುತಿಸಿದರು, ಕೊನೆಗೆ 121 ಭಾಷೆಯ ಕೆಳಗೆ ಕೂಡಿಸಿದರು. 10,000ಕ್ಕಿಂತ ಕಮ್ಮಿ ಮಂದಿ ಹೇಳಿದ ಹೆಸರುಗಳು 'ಇತರೆ'ಯಲ್ಲಿ ಕರಗಿ ಹೋದವು. ಜವಳಗಿರಿಯ ಮನೆಯವರು ಯಾಕೆ ರಗಳೆ ಅಂತ ತಮಿಳು ಬರೆಸಿದರೆ ಡೆಂಕಣಿಕೋಟೆ ತಾಲೂಕಿನ ಲೆಕ್ಕದಲ್ಲಿ ಕನ್ನಡ ಇಳಿಯುತ್ತದೆ. ಬಂಟ್ವಾಳದ ಬ್ಯಾರಿ ಮನೆಯವರು ಗಣತಿದಾರರು ಕೇಳಿದಾಗ ಮಲಯಾಳ ಅಂತಲೋ, ಮುಸ್ಲಿಮರಲ್ವಾ ಉರ್ದು ಬರೀರಿ ಅಂತಲೋ ಹೇಳಿದರೆ ಬ್ಯಾರಿ ಇಳಿಯುತ್ತದೆ. ಎರಡು ಕಡೆಯೂ ನಷ್ಟ ಒಂದೇ ತರದ್ದು. ಗಣತಿದಾರರು ತಾವೇ ತುಂಬಿಸಿಕೊಂಡು ಹೋಗಲು ಬಿಡಬೇಡಿ, ಏನು ಬರೆದರು ಅಂತ ಕೇಳಿ ನೋಡಿ. ಈ ಸಲ ಮೊಬೈಲಿನಲ್ಲಿ ನಾವೇ ತುಂಬುವ ವ್ಯವಸ್ಥೆಯೂ ಬರುತ್ತದೆ ಅಂತ ಹೇಳಿದ್ದಾರೆ, ಮನೆಯ ಹಿರಿಯರಿಗೆ ಬರದಿದ್ದರೆ ಕಾಲೇಜಿಗೆ ಹೋಗುವ ಮಕ್ಕಳು ಕೂತು ತುಂಬಬಹುದು. ಮಸೀದಿಯ ಜುಮಾ ಬಯಾನಿನಲ್ಲಿ ಎರಡು ನಿಮಿಷ ಇದನ್ನು ಹೇಳಿದರೆ ಎಲ್ಲ ಮನೆಗೂ ತಲುಪುತ್ತದೆ.

ಹೊಸೂರು, ತಳಿ, ಡೆಂಕಣಿಕೋಟೆ ಕಡೆ ಅಂಗಡಿ, ಹೋಟೆಲು ನಡೆಸುವ ನಮ್ಮ ಹುಡುಗರು ಅಲ್ಲಿಯ ಕನ್ನಡದ, ಉರ್ದುವಿನ ಹೆತ್ತವರಿಗೆ ಒಂದು ಸಣ್ಣ ಸಹಾಯ ಮಾಡಬಹುದು. 10 ಮತ್ತು 40ರ ನಿಯಮ ಕೆಲಸಕ್ಕೆ ಬರಬೇಕಾದರೆ ಬೇಡಿಕೆ ದಾಖಲೆಯಲ್ಲಿ ಇರಬೇಕು. ಶಾಲೆ ಶುರುವಾಗುವುದಕ್ಕೆ ಮೊದಲೇ ಮಕ್ಕಳ ಭಾಷೆಯ ಬೇಡಿಕೆಯನ್ನು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ಮಕ್ಕಳನ್ನು ಒಟ್ಟು ಸೇರಿಸಬೇಕು ಅಂತ ಅದೇ ಸುರಕ್ಷತಾ ಕ್ರಮಗಳಲ್ಲಿ ಇದೆ. ಆದ್ದರಿಂದ ಬಾಯಿ ಮಾತಿನಲ್ಲಿ ಹೆಡ್‌ಮಾಸ್ತರಿಗೆ ಹೇಳಿ ಬರುವುದಲ್ಲ. ಜೂನ್‌ಗೆ ಮೂರು ತಿಂಗಳು ಇರುವಾಗ ಅರ್ಜಿ ಬರೆದು, ಮಗುವಿನ ಹೆಸರು, ಕ್ಲಾಸು, ಬೇಕಾದ ಭಾಷೆ ನಮೂದಿಸಿ ಕೊಡಬೇಕು, ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ತಗೊಳ್ಳಬೇಕು. ತಮಿಳಿನಲ್ಲಿ ಅರ್ಜಿ ಬರೆಯಲು ಬರುವ ಹುಡುಗರು ಅಲ್ಲಿಯ ಅಂಗಡಿಗಳಲ್ಲಿ ಇದ್ದಾರೆ. ಶಾಲೆ ಅರ್ಜಿ ತಗೊಳ್ಳದಿದ್ದರೆ ಅದರ ಪ್ರತಿಯನ್ನು ಜಿಲ್ಲಾ ಶಿಕ್ಷಣಾಧಿಕಾರಿಗೆ ಮತ್ತು ದಿಲ್ಲಿಯ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ, ರಶೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.